ಎಡಗಡೆಯ ಮಡ್‌ಗಾರ್ಡು

ಹೆಗ್ಗದ್ದೆ,
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಚಂದ್ರಿ ಕೂಸೇ,

ಶಿರಾಡಿ ಘಾಟಿಯ ತಿರುವುಗಳನ್ನು ಎಲ್ಲೆಲ್ಲಿ ಹಾಕಬೇಕೆಂದು ಇಂಜಿನಿಯರುಗಳಿಗೆ ಕೋಲು ಹಿಡಿದು ತೋರಿಸಿಕೊಟ್ಟವನೂ, ಹಾಸನ ಜಿಲ್ಲೆಯಲ್ಲಿ ಕಬ್ಬಿಣದ ಮನಸ್ಸನ್ನು ಅರಿತ ಒಬ್ಬನೇ ಒಬ್ಬ ಮನುಷ್ಯನೂ ಆದ ನಿನ್ನ ಸೋದರಮಾವ ಜವರಯ್ಯ ಈ ಕಾಗದ ಬರೆಯುತ್ತಿದ್ದೇನೆ. ಬರೆಯುತ್ತ ಗಟ್ಟಿಯಾಗಿ ಓದಿಕೊಂಡದ್ದೇ ತಪ್ಪಾಯಿತು. ಆ ರಸ್ತೆ ಆದಾಗ ನೀವಿನ್ನೂ ಹುಟ್ಟಿರಲಿಲ್ಲ ಎಂದು ನಿನ್ನತ್ತೆ ಕಮಲಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಾಳೆ. ಅವಳಿಗೆ ಇತಿಹಾಸ ಗೊತ್ತಿಲ್ಲ, ನೀನು ತಲೆಗೆ ಹಾಕಿಕೊಳ್ಳಬೇಡ.

ಹೇಗಿದ್ದೀಯ ಮಗಾ? ಕಾಲಿನ ಊತ ಇಳಿಯಿತಾ? ಉಪ್ಪಿಲ್ಲದ ಊಟ ಗಂಟಲಲ್ಲಿ ಇಳಿಯುತ್ತಿದೆಯಾ? ಮಂಗಳೂರಿನ ಡಾಕ್ಟರು ಎಷ್ಟೇ ದೊಡ್ಡವರಾಗಲಿ, ಏಳು ತಿಂಗಳ ಬಸುರಿಗೆ ಸಪ್ಪೆ ಗಂಜಿ ಕೊಟ್ಟು, ಹೆರಿಗೆಯವರೆಗೂ ಮಂಚ ಬಿಟ್ಟು ಇಳಿಯಬೇಡ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನೀನು ಅವರ ಮಾತನ್ನೇ ಕೇಳು, ನನ್ನದು ಬೇಡ. ನಿನ್ನವ್ವ, ನಮ್ಮಕ್ಕ ಲಿಂಗಮ್ಮ, ನಿನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಾಳಂತೆ. ಅವಳ ಗೊರಕೆಗೆ ವಾರ್ಡಿನವರು ತಕರಾರು ತೆಗೆದರೆ, ಇದು ನಮ್ಮ ಮನೆತನದ ಗೊರಕೆ, ಆನೆ ತೋಟಕ್ಕೆ ಇಳಿಯದ ಹಾಗೆ ಕಾಯ್ದದ್ದು ಇದೇ ಎಂದು ಹೇಳು. ಇಲ್ಲಿ ನಾವಿಬ್ಬರೂ ಸುಖವಾಗಿದ್ದೇವೆ. ಕಾಫಿ ಅಲ್ಲಲ್ಲಿ ಹಣ್ಣು ತಿರುಗುತ್ತಿದೆ. ನನ್ನ ಮುಂದಿನ ಮೂರು ಹಲ್ಲಿನ ಜಾಗ ಮಾತ್ರ ಇನ್ನೂ ಖಾಲಿ. ಅವು ಕಾಡುಹಂದಿಯ ಜೊತೆ ಕುಸ್ತಿಯಲ್ಲಿ ಹೋದ ಹಲ್ಲುಗಳು, ನಿನಗೆ ಗೊತ್ತಲ್ಲ; ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದು ಎನ್ನುವುದು ನಿನ್ನತ್ತೆ ಕಟ್ಟಿದ ಕಥೆ. ಹೊಸ ಹಲ್ಲು ಕಟ್ಟಿಸಿಕೊಂಡು ಬನ್ನಿ ಎಂದು ಅವಳು ಮೆಣಸು ಮಾರಿದ ದುಡ್ಡನ್ನು ನನ್ನ ಕೈಗಿತ್ತು ತಿಂಗಳು ದಾಟಿತು. ಹಾಸನದ ಹಲ್ಲಿನ ಡಾಕ್ಟರು ರಜೆಯಲ್ಲಿದ್ದಾರೆ, ಏನು ಮಾಡುವುದು.

ಈಗ ಗಾಡಿಯ ವಿಷಯ. ಮೊನ್ನೆ ಸುರೇಂದ್ರ ಫೋನು ಮಾಡಿದವನು ಅಳುವ ದನಿಯಲ್ಲಿ ಹೇಳಿದ: "ಮಾವ, ಗಾಡಿ ಚೆನ್ನಾಗೈತೆ ಅಂತ ನಾನು ಎಷ್ಟು ಹೇಳಿದ್ರೂ ನಿಮ್ ಹುಡುಗಿ ನಂಬ್ತಿಲ್ಲ. ಅದನ್ನೇ ಯೋಚ್ನೆ ಮಾಡಿ ಮಾಡಿ ಬಿ.ಪಿ. ಏರಿಸ್ಕೊಂಡವ್ಳೆ. ನೀವೇ ಒಂದು ಕಾಗ್ದ ಬರೀರಿ. ಆದ್ರೆ ನಿಜ ಬರೀರಿ." ನಿನ್ನ ಗಂಡನ ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ, ಆದರೂ ಕ್ಷಮಿಸಿದ್ದೇನೆ. ಗಾಡಿಯನ್ನು ಬಾಡಿಗೆಗೆ ಹಿಡಿದಿದ್ದ ಆ ಮೈಸೂರಿನ ಮಹಾಶಯರು ಕಳಿಸಿದ ಫೋಟೋ ನಿನ್ನ ಕಣ್ಣಿಗೆ ಬೀಳಬಾರದಿತ್ತು. ಮಾರನಹಳ್ಳಿಯ ಹತ್ತಿರ ರಸ್ತೆ ಬದಿಯಲ್ಲಿ ನಿನ್ನ ಗಾಡಿ ಕುಂಟು ಹಸುವಿನಂತೆ ವಾಲಿಕೊಂಡು ನಿಂತಿರುವ ಫೋಟೋ. ಅದನ್ನು ನೋಡಿದ ದಿನವೇ ನಿನ್ನ ಬಿ.ಪಿ. ಏರಿ, ಡಾಕ್ಟರು ಬೈದು, ಸುರೇಂದ್ರ ನಿನ್ನ ಫೋನು ಕಿತ್ತಿಟ್ಟುಕೊಂಡದ್ದು. ನಿನ್ನ ಸಂಕಟ ನನಗೆ ಗೊತ್ತಿಲ್ಲವೇ? ಜೀಪಿನ ಹಿಂದೆ ಕಟ್ಟಿ ಎಳೆಯುವ, ಇಬ್ಬರು ಮಲಗುವ ಆ ಪುಟ್ಟ ಕ್ಯಾಂಪಿಂಗ್ ಟ್ರೈಲರಿಗೆ ನೀನು ಬಳೆ ಅಡವಿಟ್ಟು, ಸಂಘದಲ್ಲಿ ಸಾಲ ಎತ್ತಿ, ಪರದೆಯನ್ನೂ ನೀನೇ ಹೊಲಿದು ಹಾಕಿದವಳು. ಬೆಟ್ಟದ ಮೇಲೆ ಮಲಗಿ ಎದ್ದು ಮಂಜು ನೋಡಲು ಪೇಟೆಯವರು ಕೊಡುವ ಬಾಡಿಗೆಯೇ ನಿಮ್ಮ ಮನೆಯ ಅನ್ನ. ಅದನ್ನು ನನ್ನ ಕೈಗೆ ಕೊಟ್ಟು ಬಸ್ಸು ಹತ್ತುವಾಗ ನೀನು ಅಂದದ್ದು ನನ್ನ ಕಿವಿಯಲ್ಲೇ ಇದೆ: "ಮಾವ, ನಿನ್ ಮಾತಲ್ಲಿ ಅರ್ಧ ಕಳೆದು ಉಳಿದಿದ್ದನ್ನೂ ನಾನು ನಂಬಲ್ಲ, ಆದ್ರೆ ಗಾಡಿ ವಿಷ್ಯದಲ್ಲಿ ಮಾತ್ರ ನಂಬಿದೀನಿ." ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಮಲಗಿಯೇ ಓದು, ಎದ್ದು ಕೂರಬೇಡ.

ದಸರಾ ಮುಗಿದ ಮೇಲೆ ಗಾಡಿ ತೊಳೆಯುವಾಗ ನೋಡಿದೆ. ಎಡಗಡೆಯ ಚಕ್ರದ ಮೇಲಿನ ಮಡ್‌ಗಾರ್ಡು, ಬೋಲ್ಟು ಹಾಕಿ ಬಿಗಿದ ಜಾಗದಿಂದ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಕೂಡಲೇ ಆನೇಮಹಲ್‌ಗೆ ಎಳೆದುಕೊಂಡು ಹೋದೆ. ಅಲ್ಲಿ ಹೆದ್ದಾರಿ ಪಕ್ಕ ವೆಲ್ಡಿಂಗ್ ಶೆಡ್ಡು ಇಟ್ಟಿರುವ ಅಸಾದುಲ್ಲಾ ನನ್ನ ಜೊತೆ ಏಳನೇ ಕ್ಲಾಸಿನಲ್ಲಿ ಫೇಲಾದವನು. ಅವನು ಒಬ್ಬನೇ ಆಗಬಾರದೆಂದು ನಾನೂ ಫೇಲಾದೆ. ಅವನು ಬಗ್ಗಿ ನೋಡಿ, "ಬಿರುಕಿನ ತುದೀಲಿ ಒಂದು ಸಣ್ಣ ತೂತು ಹೊಡೀಬೇಕು ಜವರಣ್ಣ. ಇಲ್ಲಾಂದ್ರೆ ಅದು ಮುಂದಕ್ಕೆ ಓಡ್ತಾನೇ ಇರ್ತದೆ. ಆಮೇಲೆ ವೆಲ್ಡ್ ಮಾಡಿ, ಬೋಲ್ಟಿನ ಅಡೀಗೆ ರಬ್ಬರ್ ಕೊಡಾನ" ಎಂದ. ಹರಿದ ಅಂಗಿಗೆ ಇನ್ನೊಂದು ತೂತು ಮಾಡಿ ಹೊಲಿಯುವ ದರ್ಜಿಯನ್ನು ನೀನು ಕಂಡಿದ್ದೀಯಾ? ನಾನೂ ಕಂಡಿರಲಿಲ್ಲ. ಸುಮ್ಮನೆ ವೆಲ್ಡ್ ಮಾಡಯ್ಯ ಅಂದೆ, ಮಾಡಿದ. ವಾರ ಕಳೆಯುವಷ್ಟರಲ್ಲಿ ವೆಲ್ಡಿನ ಪಕ್ಕದಲ್ಲೇ ಮತ್ತೆ ಬಿರುಕು. ರಸ್ತೆಯ ಗುಂಡಿಗಳದ್ದೇ ಕೆಲಸ ಎಂದು ನಾನು ತೀರ್ಪು ಕೊಟ್ಟೆ. ಅಸಾದುಲ್ಲಾ ಬೀಡಿ ಪಕ್ಕಕ್ಕಿಟ್ಟು, "ರಸ್ತೆ ಆದ್ರೆ ಬಲಗಡೇದೂ ಒಡೀಬೇಕಲ್ಲ ಮಾರಾಯ? ಅದು ಹೊಸ ಮದುಮಗಳ ಹಂಗೈತೆ, ಇದೊಂದೇ ಯಾಕೆ ಒಡೀತದೆ?" ಎಂದ. ಘಾಟಿಯಲ್ಲಿ ಇಳಿಯುವಾಗ ಭಾರವೆಲ್ಲ ಎಡಕ್ಕೆ ಬೀಳುತ್ತದೆ ಎಂದು ವಿವರಿಸಿದೆ. "ಹತ್ತುವಾಗ?" ಅಂದ. ಅವನಿಗೆ ಕಾಫಿ ತರಿಸಿಕೊಟ್ಟೆ.

ಎರಡನೇ ಸಲ ನಾನು ಅವನ ಮಾತು ಕೇಳಲೇ ಇಲ್ಲ. ಎಸ್ಟೇಟಿನ ಸ್ಟೋರ್ ಹಿಂದೆ ಬಿದ್ದಿದ್ದ ಹಳೇ ಟ್ರ್ಯಾಕ್ಟರಿನ ದಪ್ಪ ತಗಡನ್ನು ಕತ್ತರಿಸಿ ತಂದು, ಒಳಗಡೆಯಿಂದ ಕೂರಿಸು ಎಂದೆ. "ಇಷ್ಟು ಭಾರ ಹೊರೋಕೆ ಇದರ ಬ್ರಾಕೆಟ್ಟು ಏನು ಎತ್ತಾ?" ಎಂದು ಗೊಣಗುತ್ತಲೇ ಕೂರಿಸಿದ. ಆಮೇಲೆ ದೀಪಾವಳಿಗೆ ನಿನ್ನ ಮೈಸೂರಿನವರು ಬಂದರು, ಬ್ಯಾಂಕಿನಿಂದ ರಿಟೈರಾದ ಗಂಡಹೆಂಡತಿ. ಒಳ್ಳೆಯ ಜನ. ಗಾಡಿಯನ್ನು ಮಾರನಹಳ್ಳಿ ಆಚೆಯ ಹುಲ್ಲುಗುಡ್ಡದ ಮೇಲೆ ನಿಲ್ಲಿಸಿಕೊಟ್ಟು ಬರುವುದಷ್ಟೇ ನನ್ನ ಕೆಲಸವಾಗಿತ್ತು. ಅದನ್ನು ಮಾಡಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಯಾರೂ ಕೇಳದೆ ಇದ್ದರೂ ಜೀಪಿನ ಬಾಗಿಲಿಗೆ ಗುದ್ದಿ, "ದಾರೀಲಿ ಈ ಗಾಡಿಗೆ ಏನಾದ್ರೂ ಆದ್ರೆ ನಿಮ್ಮ ಬಾಡಿಗೆ ಪೂರ್ತಿ ವಾಪಸ್ಸು, ಮೇಲೆ ಹೋಟ್ಲು ಖರ್ಚೂ ನಂದು. ಇದು ಜವರಯ್ಯನ ಮಾತು" ಅಂದುಬಿಟ್ಟೆ. ಮಾರನಹಳ್ಳಿ ಇನ್ನೇನು ಬಂತು ಅನ್ನುವಾಗ ಹಿಂದಿನಿಂದ ರಬ್ಬರು ಸುಟ್ಟ ವಾಸನೆ. ಇಳಿದು ನೋಡಿದರೆ ದಪ್ಪ ತಗಡಿನ ಭಾರಕ್ಕೆ ಬ್ರಾಕೆಟ್ಟೇ ಕಿತ್ತು ಬಂದು, ಮಡ್‌ಗಾರ್ಡು ಚಕ್ರದ ಮೇಲೆ ಕೂತು ಟೈರನ್ನು ಚಾಕು ಹಾಕಿದ ಹಾಗೆ ಸೀಳಿತ್ತು. ಯಾರಿಗೂ ಏನೂ ಆಗಲಿಲ್ಲ. ಆ ಯಜಮಾನರು ಬೈಯಲಿಲ್ಲ, ಫೋಟೋ ತೆಗೆದರು, ಅಷ್ಟೇ. ಅವರ ಹೆಂಡತಿ ನನಗೇ ನೀರು ಕುಡಿಸಿ ಕೂರಿಸಿದರು. ಅವರಿಗೆ ಏನೋ ಸ್ವಲ್ಪ ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಖರ್ಚಿನ ಮಾತು ನೀನು ಎತ್ತಬೇಡ, ಕಾಫಿ ತಿಂಡಿ ದುಡ್ಡು.

ಮೂರನೇ ಸಲ ಅಸಾದುಲ್ಲಾ ನನ್ನನ್ನು ಶೆಡ್ಡಿನ ಹೊರಗೇ ನಿಲ್ಲಿಸಿದ. "ನೀನು ಬಾಯಿ ತೆಗೆದ್ರೆ ವೆಲ್ಡಿಂಗ್ ರಾಡು ನಿನ್ ಬಾಯಿಗೇ ಇಡ್ತೀನಿ, ಹೆಂಗಿದ್ರೂ ಜಾಗ ಖಾಲಿ ಐತೆ" ಎಂದ. ದಪ್ಪ ತಗಡು ಕಿತ್ತು ಬಿಸಾಕಿ, ಬ್ರಾಕೆಟ್ಟು ಹೊಸದು ಕೂರಿಸಿ, ಬಿರುಕಿನ ತುದಿಗೆ ತನ್ನ ಆಸೆಯ ತೂತು ಹೊಡೆದು, ಬೆಸೆದು, ಉಜ್ಜಿ, ಬೋಲ್ಟಿನ ಅಡಿಗೆ ರಬ್ಬರಿನ ತುಂಡು ಕೊಟ್ಟು, ಮೇಲೆ ಬೆಳ್ಳಿ ಬಣ್ಣ ಹೊಡೆದ. ಮನೆಗೆ ತಂದು ಅಂಗಳದ ಅಂಚಿನಲ್ಲಿ, ಯಾವಾಗಲೂ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿದೆ. ಎರಡು ದಿನಕ್ಕೆ ಆ ಹೊಸ ಬಣ್ಣದ ಮೇಲೆ, ಬೋಲ್ಟಿನ ಪಕ್ಕ, ಉಗುರಿನಿಂದ ಗೀರಿದಂಥ ಒಂದು ಗೆರೆ ಕಾಣಿಸಿಕೊಂಡಿತು ಕೂಸೇ. ಗಾಡಿ ಒಂದು ಮಾರು ಕೂಡ ಓಡಿರಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು ಹುಡುಕುತ್ತಿದ್ದೆ.

ಅಷ್ಟು ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ನಿನ್ನತ್ತೆ ನನ್ನ ಬಿಳೀ ಪಂಚೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದುಕೊಂಡು ಬಂದಳು. ಪಂಚೆಯ ಹಿಂಭಾಗದಲ್ಲಿ ಅಗಲವಾಗಿ, ಕಮಾನಿನ ಹಾಗೆ ಬಾಗಿದ ಬೆಳ್ಳಿ ಬಣ್ಣದ ಪಟ್ಟೆ. ಆ ಪಂಚೆಯನ್ನು ಎಡಗಡೆಯ ಮಡ್‌ಗಾರ್ಡಿನ ಮೇಲೆ ಹಾಸಿದಳು. ಪಟ್ಟೆಯೂ ಮಡ್‌ಗಾರ್ಡಿನ ಬೆನ್ನೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ ಕೂತವು. "ಏನ್ರೀ ಇದು? ಈ ತಗಡು ನಿಮ್ ಮೇಲೆ ಕೂತಿತ್ತೋ, ನೀವು ಇದ್ರ ಮೇಲೆ ಕೂತಿದ್ರೋ? ಇಂಥ ದೇಹ ಇಟ್ಕಂಡು ದಿನಾ ಸಂಜೆ ಇದ್ರ ಮೇಲೆ ಕುಕ್ಕರಿಸಿ, ರಸ್ತೆ ಸರಿ ಇಲ್ಲ ಅಂತೀರಲ್ಲ!"

ನೀನು ನಗುತ್ತಿದ್ದರೆ ನಗು, ನಕ್ಕರೆ ಬಿ.ಪಿ. ಇಳಿಯುತ್ತದಂತೆ. ಆದರೆ ನನ್ನ ಕಡೆಯ ನ್ಯಾಯವನ್ನೂ ಕೇಳು. ಈ ಸೀಮೆಯಲ್ಲಿ ಮಡ್‌ಗಾರ್ಡು ಅಂದರೆ ಕೂರುವ ಜಾಗವೇ ತಾನೇ? ಎಸ್ಟೇಟಿನ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ನಾನು ಗೊಬ್ಬರ ಸಾಗಿಸಿದ್ದೇನೆ, ಕಾಫಿ ಸಾಗಿಸಿದ್ದೇನೆ. ನಿನ್ನತ್ತೆಯನ್ನು ಮದುವೆಯಾಗಿ ಕರೆತಂದದ್ದೂ ಹಾಗೆಯೇ, ಆ ಕಡೆಯ ಮಡ್‌ಗಾರ್ಡಿನ ಮೇಲೆ ಅವಳು, ಈ ಕಡೆ ನಾನು. ಅದು ಮುರಿಯುತ್ತದೆ ಎಂದು ಯಾವನು ಅಂದುಕೊಂಡಾನು? ಟ್ರ್ಯಾಕ್ಟರಿನದು ಹೊರುವುದಕ್ಕೆ ಮಾಡಿದ್ದು, ನಿನ್ನ ಗಾಡಿಯದು ಕೆಸರು ತಡೆಯುವುದಕ್ಕಷ್ಟೇ ಮಾಡಿದ ರೊಟ್ಟಿಯಂಥ ತಗಡು ಎಂದು ಅಸಾದುಲ್ಲಾ ಆಮೇಲೆ ಬಿದ್ದು ಬಿದ್ದು ನಗುತ್ತ ಹೇಳಿದ. ಅಲ್ಲೇ ಯಾಕೆ ಕೂರಬೇಕಾಗಿತ್ತು, ಜಗಲಿ ಇರಲಿಲ್ಲವೇ ಎಂದು ನಿನ್ನತ್ತೆಯೂ ಕೇಳಿದಳು. ಜಗಲಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಈ ಮನೆಗೆಲ್ಲ ಎರಡು ಕಡ್ಡಿ ಬರುವುದು ಅಂಗಳದ ಅಂಚಿನಲ್ಲಿ, ನಿನ್ನ ಗಾಡಿಯ ಎಡಗಡೆ ಒಂದೇ. ಡಾಕ್ಟರು ನಿನ್ನನ್ನು ನೋಡಿಕೊಂಡು ಹೋದ ಮೇಲೆ ಸುರೇಂದ್ರ ಫೋನು ಮಾಡುವುದು ಸಂಜೆ ಆರು ಗಂಟೆಯ ಮೇಲೆ, ಒಂದೊಂದು ದಿನ ಏಳಾದರೂ ಇಲ್ಲ. ಅಷ್ಟು ಹೊತ್ತು ನಿಂತಿರಲು ಮೊಣಕಾಲು ಕೇಳಬೇಕಲ್ಲ. ಮಗುವಿನ ಎದೆಬಡಿತ ಸರಿಯಾಗಿದೆ ಅನ್ನುವುದನ್ನು ಕೇಳಿದ ಮೇಲೇ ನಾನು ಎದ್ದು ಒಳಗೆ ಹೋಗುತ್ತಿದ್ದದ್ದು.

ಇದನ್ನು ಹೇಳಿದ ಮೇಲೆ ನಿನ್ನತ್ತೆ ಪಂಚೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಬೇಲಿಯಿಂದ ಒಂದು ಕಿತ್ತಳೆಯ ಮುಳ್ಳುಕೊಂಬೆ ಕಡಿದು ತಂದು ಮಡ್‌ಗಾರ್ಡಿನ ಮೇಲೆ ಬಿಗಿಯಾಗಿ ಕಟ್ಟಿದಳು. ಒಳಗೆ ಹೋಗಿ ಕುರ್ಚಿ ತಂದು ಪಕ್ಕದಲ್ಲಿ ಹಾಕಿದಳು. ನನಗೆಂದು ಹಾಕಿದ್ದಾಳೆ ಅಂದುಕೊಂಡೆ, ಆರು ಗಂಟೆಗೆ ಬಂದು ತಾನೇ ಕೂತಳು! ಈಗ ನನಗೆ ಮರದ ತುಂಡು, ಅವಳಿಗೆ ಕುರ್ಚಿ. ಫೋನು ಬಂದ ಕೂಡಲೇ ನನ್ನ ಕೈಯಿಂದ ಕಸಿದು ಮೊದಲು ಮಾತಾಡುವವಳೂ ಅವಳೇ.

ಗಾಡಿ ಈಗ ಹೇಗಿದೆ ಅನ್ನುತ್ತೀಯ? ಆ ಗೆರೆಗೂ ಅಸಾದುಲ್ಲಾ ತೂತು ಹೊಡೆದು ಬೆಸೆದುಕೊಟ್ಟ. ಹೊಸ ಟೈರು ಬಂದಿದೆ. ಭಾನುವಾರ ಗಾಡಿಯೊಳಗೆ ಅಕ್ಕಿಮೂಟೆ ಹೇರಿ, ಅವನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಮಾರನಹಳ್ಳಿಯವರೆಗೆ ಹೋಗಿ ಬಂದೆ. ಗುಂಡಿ ಕಂಡಲ್ಲೆಲ್ಲ ಬೇಕೆಂದೇ ಇಳಿಸಿದೆ. ಮಡ್‌ಗಾರ್ಡು ಕಿಟಿಕಿಟಿ ಅನ್ನಲಿಲ್ಲ, ಇವತ್ತಿನ ಬೆಳಿಗ್ಗೆಯವರೆಗೂ ಎಲ್ಲೂ ಒಂದು ಗೆರೆ ಇಲ್ಲ. ಡಿಸೆಂಬರಿನ ಬುಕಿಂಗಿನವರಿಗೆ ಧೈರ್ಯವಾಗಿ ಬನ್ನಿ ಎಂದು ಸುರೇಂದ್ರ ಹೇಳಬಹುದು. ನಾನು ಅವರ ಹತ್ತಿರ ಯಾವ ಮಾತೂ ಕೊಡುವುದಿಲ್ಲ, ಜೀಪು ಓಡಿಸುತ್ತೇನೆ ಅಷ್ಟೇ. ನೀನು ಕಣ್ಣು ಮುಚ್ಚಿ ಮಲಗು. ಒಂಬತ್ತು ತುಂಬಲಿ, ಮಗು ದುಂಡಗೆ ಬರಲಿ. ಆ ಗಾಡಿಯಲ್ಲೇ ತಾಯಿಮಗುವನ್ನು ಮಲಗಿಸಿ ಘಾಟಿ ಹತ್ತಿಸುತ್ತೇನೆ ಎಂದು ಬರೆಯಲು ಹೊರಟಿದ್ದೆ, ನಿನ್ನತ್ತೆ ಹಿಂದಿನಿಂದ ಬಗ್ಗಿ ನೋಡಿ ತಲೆಗೆ ಮೊಟಕಿದಳು. ಕಾರು ಮಾಡಿಕೊಂಡು ಬನ್ನಿ.

ಅಕ್ಕನಿಗೆ ನನ್ನ ನಮಸ್ಕಾರ, ಸುರೇಂದ್ರನಿಗೆ ಆಶೀರ್ವಾದ. ಹೊಟ್ಟೆಯೊಳಗಿರುವವರಿಗೆ ಅಜ್ಜ ಕೇಳಿದನೆಂದು ಹೇಳು. ನಮ್ಮ ಮನೆದೇವರು ನಿನ್ನ ತಲೆ ಕಾಯಲಿ.

ಇಂತಿ ನಿನ್ನ ಸೋದರಮಾವ,
ಜವರಯ್ಯ
(ಕಬ್ಬಿಣದ ವಿಷಯ ಬಲ್ಲವನು)

ಮರೆತಿದ್ದೆ: ಅಂಚೆಯವನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ನಿನ್ನತ್ತೆ ಒಳಗಿದ್ದಾಳೆ. ಗಾಡಿ ಸರಿಯಾಗಿದೆ ಎಂದು ಮೇಲೆ ಬರೆದದ್ದನ್ನು ನೀನು ನಂಬುವುದಿಲ್ಲ ಎಂದು ಈಗ ಹೊಳೆಯಿತು. ಅದಕ್ಕೆ ಒಂದು ನಿಜ ಹೇಳುತ್ತೇನೆ, ಇದನ್ನು ಒಪ್ಪಿಕೊಂಡವನು ಉಳಿದದ್ದರಲ್ಲಿ ಸುಳ್ಳು ಹೇಳಿರಲಾರ ಎಂದು ತಿಳಿದುಕೋ. ಮೈಸೂರಿನವರು ಕೊಟ್ಟಿದ್ದ ಬಾಡಿಗೆ ದುಡ್ಡನ್ನು ನೀನು ಆಸ್ಪತ್ರೆಗೆ ಕಟ್ಟಿದ್ದೆಯಲ್ಲ, ಅದರಲ್ಲಿ ಒಂದು ಪೈಸೆಯನ್ನೂ ನಿನ್ನಿಂದ ಕೇಳುವುದಿಲ್ಲ. ಬಾಡಿಗೆ, ಅವರ ಹೋಟ್ಲು, ಟೈರು, ನಾಲ್ಕು ಸಲದ ಕೆಲಸ, ಎಲ್ಲ ನನ್ನ ಹಲ್ಲಿನ ದುಡ್ಡಿನಲ್ಲೇ ಮುಗಿದಿದೆ. ಹಾಸನದ ಡಾಕ್ಟರಿಗೆ ರಜೆಯೂ ಇಲ್ಲ, ಗಿಜೆಯೂ ಇಲ್ಲ. ನಿನ್ನ ಮಗುವಿಗೆ ಹಲ್ಲು ಬರುವವರೆಗೆ ನಾವಿಬ್ಬರೂ ಬೊಚ್ಚುಬಾಯಲ್ಲೇ ನಕ್ಕರಾಯಿತು. ಎಷ್ಟಾಯಿತು ಎಂದರೆ, ಎರಡು ಸಾವಿರ ಎಂದು ಬರೆದು ಹೊಡೆದು ಹಾಕಿದ್ದೇನೆ ನೋಡು, ಅದರ ಪಕ್ಕದ ಐದು ಸಾವಿರವನ್ನೂ ಹೊಡೆದು ಹಾಕಿದ್ದೇನೆ. ಹತ್ತೊಂಬತ್ತು ಸಾವಿರದ ಆರುನೂರು ರೂಪಾಯಿ.