‘ಅಂದ್ಕೊಳ್ಳಿ’ ಎಂದು ಕಲಿಸಿದವರಿಗೆ

ಮಾನ್ಯ ತರಬೇತಿ ನಿರ್ದೇಶಕರೇ,

ನನ್ನ ಸೊಸೆಗೆ ತಾವು ಕಳುಹಿಸಿದ ನೋಟಿಸು ತಲುಪಿದೆ. ‘ಸಂಪೂರ್ಣ ತರಬೇತಿ ಹಾಗೂ ಇಲಾಖೆಯ ನಿರಂತರ ಬೆಂಬಲ ಪಡೆದ ಆರೋಗ್ಯ ಕಾರ್ಯಕರ್ತೆಯಾಗಿದ್ದೂ ಘೋರ ನಿರ್ಲಕ್ಷ್ಯ ತೋರಿದ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು’ ಎಂದು ಕೇಳಿದ್ದೀರಿ. ಸೋಮವಾರ ವಿಚಾರಣೆ. ಅವಳು ಉತ್ತರ ಬರೆಯುವ ಸ್ಥಿತಿಯಲ್ಲಿಲ್ಲವಾದ್ದರಿಂದ ಅತ್ತೆಯಾದ ನಾನು ಬರೆಯುತ್ತಿದ್ದೇನೆ. ಪತ್ರಿಕೆಯಲ್ಲೇ ಬರೆಯಲು ಕಾರಣವಿದೆ: ತಮ್ಮ ಕಚೇರಿಗೆ ಬರುವ ಕಾಗದಗಳನ್ನು ತಾವು ಓದುವುದಿಲ್ಲ, ಪತ್ರಿಕೆಯಲ್ಲಿ ತಮ್ಮ ಬಗ್ಗೆ ಬಂದದ್ದನ್ನು ಮಾತ್ರ ಬಿಡುವುದಿಲ್ಲ ಎಂದು ಕೇಳಿದ್ದೇನೆ. ಅತ್ತೆ ಸೊಸೆಯ ಪರ ನಿಲ್ಲುವುದು ಲೋಕರೂಢಿಗೆ ವಿರುದ್ಧ. ಅಷ್ಟರಮಟ್ಟಿಗೆ ನಮ್ಮ ಮನೆಯಲ್ಲಿ ಒಗ್ಗಟ್ಟು ಮೂಡಿಸಿದ ತಮ್ಮ ಇಲಾಖೆಗೆ ವಂದನೆಗಳು.

ನಾನು ನ್ಯಾಯಾಲಯದ ಗೇಟಿನ ಹೊರಗೆ ಮೇಜು ಹಾಕಿಕೊಂಡು ಜನರ ಅರ್ಜಿಗಳನ್ನು ಬೆರಳಚ್ಚು ಮಾಡಿ ಬದುಕಿದವಳು. ‘ದಯಮಾಡಿ’, ‘ಕೃಪೆ ತೋರಿ’, ‘ತಮ್ಮ ಪಾದಾರವಿಂದಗಳಲ್ಲಿ’ ಇವೆಲ್ಲ ನನ್ನ ಬೆರಳ ತುದಿಯಲ್ಲಿವೆ. ಬೇರೆಯವರಿಗಾಗಿ ಅವನ್ನು ಬಡಿದೂ ಬಡಿದೂ ಸಾಕಾಗಿದೆ. ಈ ಪತ್ರದಲ್ಲಿ ಅವನ್ನು ಹುಡುಕಬೇಡಿ.

ಮೊದಲು ಆ ‘ಸಂಪೂರ್ಣ ತರಬೇತಿ’ಯ ವಿಚಾರ. ರಿಬ್ಬನ್ ಕತ್ತರಿಸಲು ತಾವೇ ಬಂದಿದ್ದಿರಿ, ಕತ್ತರಿಸಿ ಹೋದಿರಿ. ಆಮೇಲೆ ನಡೆದದ್ದನ್ನು ಸೊಸೆ ಮನೆಗೆ ಬಂದು ಅಭಿನಯಿಸಿ ತೋರಿಸಿದಳು. ತಮ್ಮ ತರಬೇತುದಾರರು ಬಿ.ಪಿ. ಯಂತ್ರವನ್ನು ಡಬ್ಬಿಯಿಂದ ತೆಗೆದು ಎಲ್ಲರಿಗೂ ಎತ್ತಿ ತೋರಿಸಿದರಂತೆ. ಅದಕ್ಕೆ ಸೆಲ್ ಹಾಕಿರಲಿಲ್ಲ. ತೋಳಿಗೆ ಸುತ್ತುವ ಪಟ್ಟಿಯ ಪ್ಲಾಸ್ಟಿಕ್ ಹರಿಯಲೂ ಅಪ್ಪಣೆಯಿರಲಿಲ್ಲ, ಮುಂದಿನ ಊರಿನಲ್ಲೂ ತೋರಿಸಬೇಕಿತ್ತಲ್ಲ. ‘ಪಟ್ಟಿ ಕಟ್ಟಿದೆ ಅಂದ್ಕೊಳ್ಳಿ. ಗುಂಡಿ ಒತ್ತಿದೆ ಅಂದ್ಕೊಳ್ಳಿ. ನೂರಿಪ್ಪತ್ತು ಬಂತು ಅಂದ್ಕೊಳ್ಳಿ. ಎಲ್ಲಾ ಸರಿ, ಬರ್ಕೊಳ್ಳಿ.’ ಎಳೆಗೂಸಿಗೆ ಉಸಿರು ಕೊಡುವುದನ್ನು ಕಲಿಸಲು ಒಂದು ಗೊಂಬೆಯೂ ಬಂದಿತ್ತು. ಅದೂ ಪ್ಲಾಸ್ಟಿಕ್ಕಿನೊಳಗೇ ಮಲಗಿತ್ತು. ‘ಇಲ್ಲಿ ಬಾಯಿದೆ ಅಂದ್ಕೊಳ್ಳಿ’ ಎಂದರಂತೆ. ‘ಬೇರೇನಾದ್ರೂ ನಂಬರ್ ಬಂದ್ರೆ ಏನ್ಮಾಡೋದು ಸರ್?’ ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದ್ದಕ್ಕೆ, ‘ಊಟದ ಹೊತ್ತಾಯ್ತಮ್ಮ’ ಎಂಬ ಉತ್ತರ ಬಂತು. ಅದೊಂದನ್ನು ಮಾತ್ರ ಯಾರೂ ಅಂದುಕೊಳ್ಳಬೇಕಾಗಿರಲಿಲ್ಲ, ಊಟ ನಿಜವಾಗಿಯೂ ಬಂದಿತ್ತು.

ನಾವು ನಕ್ಕೆವು, ಸ್ವಾಮಿ. ಎಷ್ಟೋ ದಿನ ಅದೇ ನಮ್ಮ ಮನೆಯ ತಮಾಷೆಯಾಗಿತ್ತು. ಚಹಾ ಸಪ್ಪೆಯಾಗಿದ್ದರೆ ‘ಸಕ್ಕರೆ ಹಾಕಿದೀನಿ ಅಂದ್ಕೊಳ್ಳಿ ಅತ್ತೆ’ ಎನ್ನುವಳು. ನಾನು ‘ನೀನು ಜಾಣೆ ಅಂದ್ಕೊಂಡಿದೀನಿ, ನೋಡೋಣ’ ಎನ್ನುವೆ. ಮಗ ಇಬ್ಬರನ್ನೂ ನೋಡಿ ತಲೆ ಚಚ್ಚಿಕೊಳ್ಳುವನು.

ಇನ್ನು ತಮ್ಮ ‘ನಿರಂತರ ಬೆಂಬಲ’. ‘ನೀವು ಒಂಟಿಯಲ್ಲ, ನಾವಿದ್ದೇವೆ’ ಎಂದು ತಾವು ವೇದಿಕೆಯಲ್ಲಿ ಎದೆ ಮುಟ್ಟಿಕೊಂಡು ಹೇಳಿದಿರಿ. ಮರುದಿನವೇ ‘ನಾವಿದ್ದೇವೆ ಬೆಂಬಲ ಜಾಲ’ ಎಂಬ ಫೋನಿನ ಗುಂಪು ಹುಟ್ಟಿತು. ಅದರಲ್ಲಿ ಅಧಿಕಾರಿಗಳು ಮಾತ್ರ ಬರೆಯಬಹುದು. ಕಾರ್ಯಕರ್ತೆಯರು ಓದಬಹುದು, ಓದಿದ್ದಕ್ಕೆ ಗುರುತಾಗಿ ಹೆಬ್ಬೆರಳು ಒತ್ತಬಹುದು. ಒತ್ತದವರಿಗೆ ಮೇಲ್ವಿಚಾರಕರಿಂದ ಫೋನು ಬರುತ್ತದೆ. ನಾನು ನ್ಯಾಯಾಲಯದ ಗೇಟಿನ ಬಳಿ ಕೂತು ಹೆಬ್ಬೆಟ್ಟಿನವರೆಲ್ಲ ಸಹಿಯವರಾದ ಕಾಲವನ್ನು ಕಣ್ಣಾರೆ ಕಂಡೆ. ಓದು ಬಲ್ಲ ಹೆಣ್ಣುಮಕ್ಕಳನ್ನು ತಿರುಗಿ ಹೆಬ್ಬೆಟ್ಟಿಗೆ ತಂದ ಕೀರ್ತಿ ತಮ್ಮದು. ಅವರಿಗೆ ಪ್ರತಿದಿನ ಬೆಳಿಗ್ಗೆ ತಾವು ಕಳಿಸುವುದು ಒಂದು ಹೂವಿನ ಚಿತ್ರ ಮತ್ತು ಒಂದು ಶುಭೋದಯ. ಅದನ್ನು ಜಾಲ ಎಂದು ಕರೆದಿರಿ. ಬೀಳುವವರ ಕೆಳಗೆ ಹಿಡಿಯುವುದೂ ಬಲೆಯೇ, ಮೀನು ಹಿಡಿಯುವುದೂ ಬಲೆಯೇ. ತಮ್ಮದು ಯಾವುದೆಂದು ನೋಟಿಸು ಓದಿದ ಮೇಲೆ ತಿಳಿಯಿತು. ‘ಪ್ರತಿದಿನವೂ ಮಾರ್ಗದರ್ಶನ ಪಡೆದಿದ್ದಕ್ಕೆ ಕಾರ್ಯಕರ್ತೆಯ ಹೆಬ್ಬೆರಳ ಗುರುತುಗಳೇ ಸಾಕ್ಷಿ’ ಎಂದು ಅದರಲ್ಲಿ ಬರೆಸಿದ್ದೀರಿ.

ಈಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬಳು ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ. ಏಳು ತಿಂಗಳ ಬಸುರಿ. ತಲೆ ಸಿಡಿಯುತ್ತದೆ, ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ ಎಂದು ಸೊಸೆಗೆ ಹೇಳಿದಳು. ಸೊಸೆ ತನಗೆ ಇಲಾಖೆ ಕೊಟ್ಟಿದ್ದ ಯಂತ್ರ ತೆಗೆದುಕೊಂಡು ಹೋಗಿ, ಬೆಂಚಿನ ಮೇಲೆ ಕೂರಿಸಿ, ಬದುಕಿನಲ್ಲಿ ಮೊದಲ ಬಾರಿಗೆ ಒಂದು ನಿಜವಾದ ತೋಳಿಗೆ ನಿಜವಾದ ಪಟ್ಟಿ ಕಟ್ಟಿ ಗುಂಡಿ ಒತ್ತಿದಳು. ನೂರಿಪ್ಪತ್ತು ಬರಲಿಲ್ಲ. ಯಾವ ಅಂಕಿಯೂ ಬರಲಿಲ್ಲ. ‘ಇ’ ಎಂಬ ಒಂದು ಇಂಗ್ಲಿಷ್ ಅಕ್ಷರ ಬಂತು. ಮತ್ತೆ ಒತ್ತಿದರೂ ಅದೇ ಬಂತು.

‘ಎಷ್ಟಿದೆ ಅಕ್ಕಾ?’ ಎಂದಳು ಇಸ್ತ್ರಿಯಾಕೆ.

‘ಇರು, ಒಂದ್ನಿಮಿಷ’ ಎಂದು ಸೊಸೆ ತಮ್ಮ ಸಹಾಯವಾಣಿಗೆ ಫೋನು ಮಾಡಿದಳು. ‘ನೀವು ಒಂಟಿಯಲ್ಲ’ ಎಂಬ ತಮ್ಮದೇ ಧ್ವನಿ ಕೇಳಿಸಿ ಕರೆ ಕಡಿಯಿತು. ಬೆಂಬಲ ಜಾಲ ತೆರೆದಳು. ಅಲ್ಲಿ ಒಂದು ಸೂರ್ಯಕಾಂತಿ ಹೂವೂ, ‘ಇಂದು ಒಳ್ಳೆಯದನ್ನೇ ಯೋಚಿಸಿ’ ಎಂಬ ಸಾಲೂ ಇದ್ದವು. ಪ್ರಶ್ನೆ ಬರೆಯಲು ಜಾಗವಿರಲಿಲ್ಲ. ಪಕ್ಕದ ಬೀದಿಯ ಕಾರ್ಯಕರ್ತೆಗೆ ಕೇಳಿದರೆ, ‘ನಂದಿನ್ನೂ ಡಬ್ಬೀಲೇ ಇದೆ ಕಣೇ’ ಎಂದಳು. ಆಗ ನನ್ನ ಸೊಸೆ ತಾವು ಕಲಿಸಿದ್ದನ್ನು ಅಕ್ಷರಶಃ ಮಾಡಿದಳು. ‘ಸರಿಯಾಗೇ ಇದೆ ಅಂದ್ಕೊಳ್ಳೋಣಮ್ಮ. ನಾಳೆ ಮತ್ತೆ ನೋಡ್ತೀನಿ’ ಎಂದಳು.

ಮರುದಿನ ಬೆಳಿಗ್ಗೆ ಆಕೆಗೆ ಬಿ.ಪಿ. ಏರಿ ಮೇಜಿನ ಮುಂದೆಯೇ ಫಿಟ್ಸ್ ಬಂತು. ಬಿದ್ದಾಗ ಕಾದ ಇಸ್ತ್ರಿ ಪೆಟ್ಟಿಗೆ ಬಲತೋಳಿನ ಮೇಲೆ ಬಿತ್ತು. ಬಟ್ಟೆ ಕೊಡಲು ಬಂದವರು ಯಾರೋ ಅದನ್ನು ಎತ್ತುವವರೆಗೂ ಅಲ್ಲೇ ಇತ್ತು. ಆಕೆ ಉಳಿದಳು, ಮಗು ಉಳಿಯಲಿಲ್ಲ. ಪಟ್ಟಿ ಸಡಿಲವಾಗಿದ್ದರೆ ‘ಇ’ ಬರುತ್ತದಂತೆ. ಬಿಚ್ಚಿ ಬಿಗಿಯಾಗಿ ಕಟ್ಟಿ ಮತ್ತೆ ಒತ್ತಿದರೆ ಆಯಿತಂತೆ. ದೊಡ್ಡಾಸ್ಪತ್ರೆಯ ನರ್ಸೊಬ್ಬಳು ಸೊಸೆಗೆ ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಅನುಮಾನವಿದ್ದರೆ ಆಸ್ಪತ್ರೆಗೆ ಕಳಿಸಬೇಕಿತ್ತು ಎನ್ನುತ್ತೀರಿ. ನಿಜ, ಕಳಿಸಬೇಕಿತ್ತು. ಅದನ್ನು ನಾನು ಅವಳಿಗೆ ತಮಗಿಂತ ಕಟುವಾಗಿಯೇ ಹೇಳಿದ್ದೇನೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಹೀಗೇ ಅನುಮಾನವೆಂದು ಒಬ್ಬಳನ್ನು ಕರೆದೊಯ್ದಾಗ, ‘ತಲೆನೋವಿಗೆಲ್ಲ ಇಲ್ಲಿಗೆ ಅಟ್ಕೊಂಡು ಬರ್ಬೇಡ, ನಿಮಗೆ ಟ್ರೇನಿಂಗ್ ಕೊಟ್ಟಿಲ್ವಾ?’ ಎಂದು ವೈದ್ಯರು ಎಲ್ಲರೆದುರು ಇವಳ ಮಾನ ಕಳೆದಿದ್ದರು. ಕಳಿಸಿದರೆ ಬೈಗುಳ, ಕಳಿಸದಿದ್ದರೆ ನೋಟಿಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ತಮ್ಮ ಇಲಾಖೆಯಲ್ಲಿ ಎತ್ತಿಗೆ ಬಡ್ತಿಯೂ ಸಿಗುತ್ತದೆಂದು ಗಾದೆ ಕಟ್ಟಿದವರಿಗೆ ಗೊತ್ತಿರಲಿಲ್ಲ. ತಾವು ಜನರಿಗೆ ಕೇಡು ಬಯಸಿದಿರಿ ಎಂದು ನಾನು ಹೇಳುತ್ತಿಲ್ಲ. ಕೇಡು ಬಯಸಲೂ ಆ ಜನರನ್ನು ಒಂದು ಸಲ ನೆನೆಸಿಕೊಳ್ಳಬೇಕಾಗುತ್ತದೆ, ತಾವು ಅಷ್ಟು ಶ್ರಮಪಟ್ಟಂತೆ ಕಾಣುವುದಿಲ್ಲ.

ಕಳೆದ ವಾರ ನಾವಿಬ್ಬರೂ ಇಸ್ತ್ರಿ ಅಂಗಡಿಗೆ ಹೋದೆವು. ಬಲತೋಳಿಗೆ ಬ್ಯಾಂಡೇಜು ಕಟ್ಟಿಕೊಂಡು ಆಕೆ ಎಡಗೈಯಲ್ಲಿ ಅಂಗಿ ತೀಡುತ್ತಿದ್ದಳು.

‘ಬೈಯೋದಿದ್ರೆ ಬೈದ್ಬಿಡಮ್ಮ’ ಎಂದಳು ಸೊಸೆ. ‘ಹಿಂಗೆ ಸುಮ್ನಿರ್ಬೇಡ.’

ಆಕೆ ಕಾಲರು ತೀಡಿ ಮುಗಿಸಿ, ಅಂಗಿ ಮಡಚಿಟ್ಟು, ‘ಕ್ಷಮಿಸಿದೀನಿ ಅಂದ್ಕೊಳ್ಳಿ ಅಕ್ಕ’ ಎಂದಳು.

ನಮ್ಮ ಮನೆಯ ತಮಾಷೆ ಆಕೆಗೆ ಗೊತ್ತಿರಲಿಲ್ಲ. ಸೊಸೆ ಮನೆಗೆ ಬಂದವಳೇ ತಮ್ಮ ಇಲಾಖೆ ಕೊಟ್ಟ ನೀಲಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಅಂದಿನಿಂದ ಅವಳು ಅದನ್ನು ಮುಟ್ಟಿಲ್ಲ. ಯಾರ ಮನೆ ಬಾಗಿಲಿಗೂ ಹೋಗುವ ಧೈರ್ಯವಿಲ್ಲ. ಬೀದಿಯ ಬಸುರಿಯರು ನಮ್ಮ ಬಾಗಿಲಿಗೆ ಬಂದು ನಿಂತು ವಾಪಸು ಹೋಗುತ್ತಿದ್ದಾರೆ.

ಹಾಗಾಗಿ ಕೇಳುತ್ತೇನೆ. ಪ್ಲಾಸ್ಟಿಕ್ ಹರಿಯಿರಿ. ಯಂತ್ರಕ್ಕೆ ಸೆಲ್ ಹಾಕಿ, ಪ್ರತಿಯೊಬ್ಬಳ ಕೈಯಿಂದ ಪ್ರತಿಯೊಬ್ಬಳ ತೋಳಿಗೂ ಪಟ್ಟಿ ಕಟ್ಟಿಸಿ, ತಪ್ಪು ಬರಲಿ, ತಿದ್ದಿ. ಫೋನು ಎತ್ತಿದರೆ ಉಸಿರಾಡುವ ಒಬ್ಬ ನರ್ಸು ಮಾತಾಡಲಿ, ತಮ್ಮ ಧ್ವನಿ ಯಾರಿಗೂ ಬೇಡ. ಆ ಗುಂಪಿನ ಬಾಯಿಗೆ ಹಾಕಿದ ಬೀಗ ತೆಗೆಯಿರಿ, ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ. ವಾರಕ್ಕೊಮ್ಮೆ ಅವರೆಲ್ಲ ಒಂದೆಡೆ ಕೂತು ತಮಗೆ ಗೊತ್ತಾಗದ್ದನ್ನು ಹೆದರಿಕೆಯಿಲ್ಲದೆ ಹೇಳಿಕೊಳ್ಳಲು ಒಂದು ಕೋಣೆ ಕೊಡಿ. ಹೂವುಗಳನ್ನು ತಾವೇ ಇಟ್ಟುಕೊಳ್ಳಿ.

ಸೋಮವಾರದ ವಿಚಾರಣೆಗೆ ಸೊಸೆಯ ಜೊತೆ ನಾನೂ ಬರುತ್ತೇನೆ. ಇಸ್ತ್ರಿಯಾಕೆಯನ್ನೂ ಕರೆದಿದ್ದೇನೆ. ‘ನಿಮ್ಮ ಸೊಸೆಗೋಸ್ಕರ ಅಲ್ಲ, ಕಲಿಸಿದೋರ ಮುಖ ನೋಡೋಕೆ ಬರ್ತೀನಿ’ ಎಂದಿದ್ದಾಳೆ. ನನಗೂ ಬಿ.ಪಿ. ಇದೆ, ಈ ಪತ್ರ ಬರೆದ ಮೇಲಂತೂ ಖಂಡಿತ ಇದೆ. ತಮ್ಮ ಮೇಜಿನ ಮುಂದೆ ತೋಳು ಚಾಚಿ ಕೂರುತ್ತೇನೆ, ಯಂತ್ರವನ್ನೂ ತರುತ್ತೇನೆ. ತಾವೇ ಪಟ್ಟಿ ಕಟ್ಟಿ, ತಾವೇ ಗುಂಡಿ ಒತ್ತಿ ಅಂಕಿ ಓದಿ ಹೇಳಿ. ಹೇಳಿದರೆ ಅವಳ ನೀಲಿ ಕೋಟನ್ನು ನಾನೇ ಮಡಚಿ ತಮ್ಮ ಮೇಜಿನ ಮೇಲಿಡುತ್ತೇನೆ. ‘ಇ’ ಬಂದರೆ ಗಾಬರಿಯಾಗಬೇಡಿ, ಯಾರನ್ನಾದರೂ ಕೇಳೋಣವೆಂದು ಫೋನು ತೆಗೆಯಲೂಬೇಡಿ. ಎದುರಿಗೆ ಸುಟ್ಟ ತೋಳಿನವಳು ಕೂತಿರುತ್ತಾಳೆ. ಅವಳ ಮುಖ ನೋಡಿಕೊಂಡು, ‘ಎಲ್ಲಾ ಸರಿಯಾಗಿದೆ ಅಂದ್ಕೊಳ್ಳಮ್ಮ’ ಎಂದು ಒಮ್ಮೆ ಹೇಳಿಬಿಡಿ.

ಇಂತಿ,
ತಮ್ಮ ವಿಧೇಯಳು ಅಂದ್ಕೊಳ್ಳಿ,
ಕೋಟು ಗೂಟಕ್ಕೆ ಹಾಕಿದವಳ ಅತ್ತೆ