ಏಳನೇ ಸ್ಲೈಡು

೨೧ ನವೆಂಬರ್ ೨೦೨೪, ಗುರುವಾರ. ಪುಣೆ.

ಏಳನೇ ಸ್ಲೈಡಿಗೆ ಅನುಜಾಳಿಗೆ ಸೊನ್ನೆ ಹಾಕಿ ಬಂದಿದ್ದೇನೆ.

ಪೆಥಾಲಜಿ ಎಂ.ಡಿ. ಓದುವವರ ಪರೀಕ್ಷೆಗೆ ಹದಿಮೂರು ವರ್ಷಗಳಿಂದ ನಾನಿಡುವುದು ಅದೇ ಪೆಟ್ಟಿಗೆ, ರೋಗಿಗಳಿಂದ ತೆಗೆದ ಚೂರುಗಳಿಗೆ ಬಣ್ಣ ಹಾಕಿ ಗಾಜಿಗೆ ಅಂಟಿಸಿದ ಅದೇ ಸ್ಲೈಡುಗಳು. ಏಳನೆಯದು ಸ್ತನದ ಗಡ್ಡೆ. ಉತ್ತರದ ಹಾಳೆಯಲ್ಲಿ ನನ್ನದೇ ಅಕ್ಷರ: ‘ಸಾದಾ ಗಡ್ಡೆ, ಕ್ಯಾನ್ಸರ್ ಅಲ್ಲ.’ ಆದರೂ ಪ್ರತಿ ವರ್ಷ ಒಬ್ಬರಾದರೂ ಕ್ಯಾನ್ಸರ್ ಎಂದೇ ಬರೆಯುತ್ತಾರೆ. ಈ ಸಲ ಅನುಜಾ.

"ಎಲ್ಲಾದರಾಗೂ ಕ್ಯಾನ್ಸರೇ ಕಾಣಸ್ತದೇನ ನಿನಗ?" ಎಂದು ಬೈದೆ.

ಬೆಳಗಾವಿಯ ಹುಡುಗಿ, ತಲೆ ತಗ್ಗಿಸಲಿಲ್ಲ. "ನನಗ ಹಂಗ ಕಾಣಸ್ತದ್ರಿ ಮೇಡಂ. ಒಂದ್ ಕೇಳ್ಲೇನ್ರಿ? ಈ ಪೇಶಂಟ್ ಈಗ ಹೆಂಗದಾರ್ರಿ?"

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಾನೂ.

ಎಲ್ಲರೂ ಹೋದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಒಂದು ಮೂಲೆಯಲ್ಲಿ ಸಣ್ಣ ಜೀವಕೋಶಗಳು ಇರುವೆಗಳ ಹಾಗೆ ಒಂದರ ಹಿಂದೊಂದು ಸಾಲುಗಟ್ಟಿ ಹೊರಟಿದ್ದವು. ಕ್ಯಾನ್ಸರೇ.

ಸ್ಲೈಡಿನ ಮೇಲೆ ಪರೀಕ್ಷೆಗೆಂದು ಅಂಟಿಸಿದ್ದ ‘೭’ರ ಚೀಟಿಯನ್ನು ಉಗುರಿನಿಂದ ಕೆರೆದೆ. ಕೆಳಗಿದ್ದ ರೋಗಿಯ ನಂಬರನ್ನು ಹಳೆಯ ರಿಜಿಸ್ಟರಿನಲ್ಲಿ ಹುಡುಕಿದೆ. ಅಂಬಾಬಾಯಿ, ಆಗ ಮೂವತ್ತೆಂಟು ವರ್ಷ, ಇದೇ ಊರಿನ ಯೆರವಡಾ ಬಡಾವಣೆ; ಮನೆ ನಂಬರಿಲ್ಲ. ‘ಚಿಂತೆಯಿಲ್ಲ’ ಎಂದು ವರದಿ ಕೊಟ್ಟವಳೂ ನಾನೇ.

ನಾಳೆ ಅನುಜಾಳ ಅಂಕ ತಿದ್ದಬಹುದು. ಯೆರವಡಾದಲ್ಲಿ ಯಾವ ಬಾಗಿಲು ತಟ್ಟಲಿ?

ಗಾಜಿನ ಮೇಲಿನ ಗುಲಾಬಿ ಬಣ್ಣ ಒಂದಿಷ್ಟೂ ಮಾಸಿಲ್ಲ. ವರ್ಷಕ್ಕೊಮ್ಮೆ ಅಂಬಾಬಾಯಿ ಪೆಟ್ಟಿಗೆಯಿಂದ ಎದ್ದು ಬಂದು ಯಾರದೋ ಕೈಯಲ್ಲಿ ನಿಜ ಬರೆಸುತ್ತಿದ್ದಳು. ನಾನು ಸೊನ್ನೆ ಹಾಕಿ, ಮತ್ತೆ ಒಳಗಿಟ್ಟು, ಮುಚ್ಚಳ ಹಾಕುತ್ತಿದ್ದೆ.