ಹತ್ತನೇ ದಿನದ ಹಿಮ

ಬಾಲಾ ಮೇಲಿನ ಗುಡ್ಡದ ಮನೆ
ವೇಲ್ಸ್, ಜನವರಿ ೧೪

ಪ್ರೀತಿಯ ಅಮ್ಮ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಮಗಳು ಮರೆತೇಬಿಟ್ಟಳು ಎಂದು ಅಲ್ಲಿ ಮುಖ ಊದಿಸಿಕೊಂಡಿರುತ್ತೀಯ. ಬರೆಯಲು ಕೂತಾಗಲೆಲ್ಲ ಕೈ ತಾನಾಗಿ "ನಾವೆಲ್ಲ ಚೆನ್ನಾಗಿದ್ದೇವೆ" ಎಂದು ಶುರುಮಾಡುತ್ತದೆ, ಅಲ್ಲಿಗೇ ನಿಂತುಬಿಡುತ್ತದೆ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಸಂಗತಿ ಗೊತ್ತಲ್ಲ, ಎಲ್ಲವನ್ನೂ ಕಿರುಚಿ ಹೇಳಬೇಕು. ಕಿರುಚಿ ಹೇಳುವಂಥ ಸುದ್ದಿ ನನ್ನ ಹತ್ತಿರ ಯಾವುದೂ ಇಲ್ಲ. ಸ್ಪೇನಿನ ಬಿಸಿಲು ನಿನ್ನ ಮಂಡಿಗೆ ಒಗ್ಗಿದೆ ಎಂದು ಓದಿ ಸಮಾಧಾನವಾಯಿತು. ನೀನು ಕಳಿಸಿದ ಅಂಜೂರವನ್ನು ನಿನ್ನ ಮೊಮ್ಮಗ ಡೆಯೊ ಒಬ್ಬನೇ ಮುಗಿಸಿದ. ತೊಟ್ಟುಗಳನ್ನು ಮಾತ್ರ ನನಗೆಂದು ಸಾಲಾಗಿ ಜೋಡಿಸಿಟ್ಟಿದ್ದ.

ನಿನ್ನ ಅಳಿಯ ಗೆಥಿನ್ ಇನ್ನೂ ಪೋರ್ಥ್‌ಮಡಾಗ್‌ನಲ್ಲಿ, ಅವನ ಅಣ್ಣನ ಮನೆಯಲ್ಲೇ ಇದ್ದಾನೆ. ದೋಣಿ ರಿಪೇರಿಯ ಕೆಲಸ ಸಿಕ್ಕಿದೆಯಂತೆ. ಅವನು ಜಗಳವಾಡಿ ಹೋದವನಲ್ಲ ಎಂದು ನಿನಗೂ ಗೊತ್ತು. ಪಾಪು ಮಾಬ್ಲಿ ನಮ್ಮನ್ನು ಬಿಟ್ಟು ಹೋಗಿ ಬರುವ ವಾರಕ್ಕೆ ಒಂದು ವರ್ಷ. ನಾನು ಸ್ವಲ್ಪವಾದರೂ ನಿದ್ದೆ ಮಾಡಲಿ ಎಂದು ಅವನೇ ತೊಟ್ಟಿಲನ್ನು ತನ್ನ ಕಂಪ್ಯೂಟರಿನ ಕೋಣೆಗೆ ಸಾಗಿಸಿಕೊಂಡಿದ್ದನಲ್ಲ, ಬೆಳಗಿನ ಜಾವದ ಪಾಳಿ ತನ್ನದಿರಲಿ ಎಂದು. ಅವಳು ಹೋದ ಮೇಲೆ ಮೊದಲು ಅವನಿಗೆ ಆ ಕೋಣೆಗೆ ಹೋಗುವುದು ಆಗಲಿಲ್ಲ, ಆಮೇಲೆ ಮಹಡಿ ಹತ್ತುವುದು, ಕಡೆಗೆ ಹೊಸ್ತಿಲು ದಾಟುವುದೇ. ಸೆಪ್ಟೆಂಬರಿನ ಒಂದು ಸಂಜೆ ಕೆಲಸದಿಂದ ಬಂದವನು ಗಾಡಿಯಿಂದ ಇಳಿಯದೆ ಕೂತಿದ್ದ. ನಾನು ಚಹಾ ತೆಗೆದುಕೊಂಡು ಹೋಗಿ ಕೊಟ್ಟೆ. ಕುಡಿದು, ಲೋಟ ವಾಪಸು ಕೊಟ್ಟು, ಗಾಡಿ ತಿರುಗಿಸಿಕೊಂಡು ಹೋದ. ಹಿಮ ಯಾವಾಗ ಬೀಳುತ್ತದೆ ಎಂದು ದಿನಾ ಹವಾಮಾನದ ನಕ್ಷೆ ನೋಡುತ್ತ ಕೂರುವ ಈ ಗುಡ್ಡದ ಹಿಮದ ಹುಚ್ಚರಲ್ಲೆಲ್ಲ ದೊಡ್ಡ ಹುಚ್ಚ ಅವನು. ಹೋಗಿ ಸೇರಿದ್ದು ಹಿಮ ಬಿದ್ದರೂ ನಿಲ್ಲದ ಕಡಲ ದಂಡೆಗೆ. ಈಗ ಹವಾಮಾನದ ಒಂದು ನಕ್ಷೆಯನ್ನೂ ತೆರೆಯುವುದಿಲ್ಲವಂತೆ.

ಕ್ರಿಸ್‌ಮಸ್ ದಿನ ಡೆಯೊ ಫೋನಿನಲ್ಲಿ ಅತ್ತು ರಂಪ ಮಾಡಿದ. ಆಗ ಗೆಥಿನ್, "ಹಿಮ ಬಿದ್ದ ದಿನ ಬರ್ತೀನಿ ಕಣೋ. ಇಬ್ರೂ ಸೇರಿ ಹಿಮದ ಬೊಂಬೆ ಮಾಡೋಣ" ಎಂದ. ಮಗು ಆ ಮಾತನ್ನು ಹಿಡಿದುಕೊಂಡಿದ್ದಾನೆ. ನಾನೂ ಹಿಡಿದುಕೊಂಡಿದ್ದೇನೆ. ಅತ್ತೆ ಮಾತ್ರ ಕೇಳಿದ ಕೂಡಲೇ, "ಬೀಳಲ್ಲ ಅಂತ ಗೊತ್ತಿದ್ದೇ ಮಾತು ಕೊಟ್ಟಿದಾನೆ ಅವ್ನು. ಈ ಊರಲ್ಲಿ ಬೀಳೋದು ಮಳೆ ಒಂದೇ" ಎಂದರು. ಹೆತ್ತ ತಾಯಿಗೆ ಮಗನ ಗುಣ ಗೊತ್ತಿರುತ್ತದೆ, ನಿಜ. ಆದರೆ ಅಂದಿನಿಂದ ನಾನೇ ನಕ್ಷೆ ನೋಡಲು ಕೂತಿದ್ದೇನೆ.

ನಗಬೇಡ. ಮದುವೆಯ ಹೊಸತರಲ್ಲಿ ಅವನ ಈ ಹುಚ್ಚಿಗೆ ನಾವಿಬ್ಬರೂ ಎಷ್ಟು ನಕ್ಕಿದ್ದೆವು. ಕಾಲೇಜಿನಲ್ಲಿ ಭೂಗೋಳ ಓದಿದವಳು ನಾನು, ಎರಡು ವಾರ ಆಚೆಯ ಹಿಮವನ್ನು ನಂಬುವುದೂ ಗಿಳಿಶಾಸ್ತ್ರ ನಂಬುವುದೂ ಒಂದೇ ಎಂದು ಅವನ ಮುಖಕ್ಕೇ ಹೇಳುತ್ತಿದ್ದೆ. ಈಗ ಆ ಹುಚ್ಚರ ಗುಂಪಿಗೆ ನಾನೇ ಬೆಳಗಿನ ಕಾವಲುಗಾರ್ತಿ. ಹೇಗಿದ್ದರೂ ಎದ್ದಿರುತ್ತೇನೆ. ಡೆಯೊ ಉಸಿರಾಡುವುದನ್ನು ಕೇಳುತ್ತ ಕೂತವಳಿಗೆ ನಸುಕಿನಲ್ಲಿ ಬರುವ ನಕ್ಷೆಯೇ ಜೊತೆ. ನಾನು ನೋಡಿ ಹೇಳಿದ ಮೇಲೆ ಪೋಸ್ಟ್‌ಮ್ಯಾನ್ ಆರ್ವನ್‌ಗೂ ಮಾಂಸದಂಗಡಿಯ ಮೆನ್ನಾಗೂ ಬೆಳಗಾಗುತ್ತದೆ. ದಿನದ ಕೊನೆಯ ನಕ್ಷೆಗೆ ಇವರು ಹೆಂಡದಂಗಡಿ ನಕ್ಷೆ ಎನ್ನುತ್ತಾರೆ. ಎರಡು ಲೋಟ ಏರಿಸಿದವನ ಹಾಗೆ ಅದು ಇಡೀ ವೇಲ್ಸಿಗೆ ಮೊಣಕಾಲುದ್ದದ ಹಿಮ ದಾನ ಮಾಡುತ್ತದೆ. ಬೆಳಗಿನದು ಅಮಲಿಳಿದು, ಕೊಟ್ಟದ್ದನ್ನೆಲ್ಲ ವಾಪಸು ಕಿತ್ತುಕೊಳ್ಳುತ್ತದೆ. ಮೆನ್ನಾ ಕೀಮಾ ಕಟ್ಟಿಕೊಡುತ್ತ ಕೇಳುವುದೂ ಅದನ್ನೇ: "ಇವತ್ತು ಕೊಡ್ತೋ, ಕಿತ್ಕೊಳ್ತೋ?"

ಒಂದು ತಪ್ಪಾಯಿತು ಅಮ್ಮ. ನಕ್ಷೆಯಲ್ಲಿ ಹಿಮ ಯಾವಾಗಲೂ ಅವತ್ತಿನಿಂದ ಹತ್ತನೇ ದಿನದಲ್ಲೇ ಇರುತ್ತದೆ. ಇವತ್ತು ನೋಡಿದರೂ ಹತ್ತನೇ ದಿನ, ಮೂರು ದಿನ ಬಿಟ್ಟು ನೋಡಿದರೂ ಹತ್ತನೇ ದಿನ. ಇದು ಇವರೆಲ್ಲರಿಗೂ ಗೊತ್ತು, ಆದರೂ ನೋಡುತ್ತಾರೆ. ಹೊಸ ವರ್ಷದ ಮರುದಿನ ನಕ್ಷೆಯಲ್ಲಿ ರಷ್ಯಾದ ಕಡೆಯಿಂದ ಪೂರ್ವದ ಗಾಳಿ ನೀಲಿಯಾಗಿ ನಮ್ಮ ಮನೆಯ ಮೇಲೇ ಹರಿದು ಬಂದದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಭಾನುವಾರ ಹಿಮ ಬೀಳುತ್ತದೆ ಎಂದು ಡೆಯೊಗೆ ಹೇಳಿಬಿಟ್ಟೆ. ಅವನು ಹೊಲದ ಬೂಟು ಹಾಕಿಕೊಂಡೇ ಮಲಗಲು ಶುರುಮಾಡಿದ. ಭಾನುವಾರ ಪಶ್ಚಿಮದಿಂದ ಬೆಚ್ಚಗಿನ ಮಳೆ ಸುರಿಯಿತು. ಬೊಂಬೆಯ ಮೂಗಿಗೆಂದು ಆರಿಸಿಟ್ಟ ಕ್ಯಾರೆಟ್ ಹಿಡಿದು ಇಡೀ ದಿನ ಕಿಟಕಿಯಲ್ಲಿ ನಿಂತಿದ್ದ. ಸಂಜೆ ಅದನ್ನು ಪಕ್ಕದ ಹೊಲದ ಕುದುರೆಗೆ ತಿನ್ನಿಸಿ ಬಂದು, "ಅಪ್ಪ ಬಂದಿದ್ದ ಅನ್ಸತ್ತೆ. ಮಳೆ ನೋಡಿ ವಾಪಸ್ ಹೋಗಿರ್ಬೇಕು" ಎಂದ.

ಆರ್ವನ್‌ಗೆ ವಿಷಯ ತಿಳಿದು, ಮಾರನೆಯ ದಿನ ಬಾಗಿಲ ಸೀಳಿನಿಂದ ಕಾಗದ ಹಾಕುವ ಬದಲು ಬಾಯಿ ಇಟ್ಟು ಬೈದ. "ಮಗೂಗೂ ಹಿಮದ ಜಾರುಬಂಡಿಗೂ ಕೊನೇವರ್ಗೂ ಗೊತ್ತಾಗ್ಬಾರ್ದು ತಾಯೀ. ಬೀದಿ ಕಂಬದ ದೀಪದಲ್ಲಿ ಬೀಳೋದನ್ನ ಕಣ್ಣಾರೆ ಕಂಡ್ಮೇಲೆ ಹೇಳ್ಬೇಕು. ನಿನ್ ಗಂಡ ಇಷ್ಟೂ ಕಲಿಸ್ಲಿಲ್ವಾ?"

ಗಂಡ ಕಲಿಸಿದ್ದ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಿನ್ನ ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಡೆಯೊ ನಿನಗೆ ಮುತ್ತು ಕಳಿಸಿದ್ದಾನೆ, ಅಂಜೂರ ಬೇಕು ಎಂದು ಅದರ ಅರ್ಥ.

ನಿನ್ನ
ಲೌರಿ


ಬಾಲಾ ಮೇಲಿನ ಗುಡ್ಡದ ಮನೆ
ವೇಲ್ಸ್, ಫೆಬ್ರವರಿ ೯

ಪ್ರೀತಿಯ ಅಮ್ಮ,

ಇಷ್ಟು ದೊಡ್ಡ ಹಾಳೆಯಲ್ಲಿ "ಹಿಮ ಬಂತೇ?" ಎಂಬ ಒಂದೇ ಪ್ರಶ್ನೆ ಬರೆದು ಕಳಿಸಿದ್ದೀಯ. ಚಳಿಯೆಂದರೆ ಸಿಡುಕಿ ದೇಶವನ್ನೇ ಬಿಟ್ಟುಹೋದವಳು ನೀನು. ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಸಿಕ್ಕಿಸಿದ್ದೇನೆ. ಉತ್ತರ ತಡವಾಯಿತು, ಕ್ಷಮಿಸು.

ಬಂತು ಅಮ್ಮ. ಅವನೂ ಬಂದ.

ಯಾವ ನಕ್ಷೆಯೂ ಅದನ್ನು ಮೊದಲೇ ತೋರಿಸಿರಲಿಲ್ಲ. ನಾವೆಲ್ಲ ತಿಂಗಳ ಕೊನೆಗೆ ಏನಾಗುತ್ತದೆ ಎಂದು ಕಚ್ಚಾಡುತ್ತಿದ್ದೆವು. ಅಷ್ಟರಲ್ಲಿ ಐರ್ಲೆಂಡಿನ ಕಡೆಯಿಂದ ಚಿಕ್ಕದೊಂದು ಮಳೆಮೋಡದ ಸುಳಿ ಬಂದು, ಕಣಿವೆಯಲ್ಲಿ ನಿಂತಿದ್ದ ತಣ್ಣನೆಯ ಗಾಳಿಯ ಮೇಲೆ ಹತ್ತಿಕೊಂಡಿತು. ಅಷ್ಟೇ. ಮೆನ್ನಾ ಆಮೇಲೆ ಹೇಳಿದಳು: "ಹದಿನೈದು ದಿನ ಆಚೇದನ್ನ ನೋಡ್ತಾ ನೋಡ್ತಾ, ನಾಳೇದು ಯಾರಿಗೂ ಕಾಣಿಸ್ಲಿಲ್ಲ ನೋಡು." ಅವಳು ತಮಾಷೆಗೆ ಅಂದದ್ದು. ನಾನು ಮಾಂಸದ ಪೊಟ್ಟಣ ತೆಗೆದುಕೊಂಡು ಬೇಗ ಹೊರಗೆ ಬಂದೆ.

ಹಿಮ ಬಿದ್ದ ದಿನ ಇನ್ನೂ ಬೆಳಕು ಹರಿದಿರಲಿಲ್ಲ. ಅಭ್ಯಾಸದಂತೆ ಪರದೆ ಸರಿಸಿ ಬೀದಿದೀಪ ನೋಡಿದೆ. ಬೆಳಕಿನ ಕೆಳಗೆ ಏನೋ ಓಲಾಡುತ್ತಿತ್ತು. ಮಳೆಯಾದರೆ ನೇರ ಗೆರೆ ಎಳೆಯುತ್ತದೆ, ಇದು ಅವಸರವಿಲ್ಲದೆ ಅತ್ತಿತ್ತ ತಿರುಗಿಕೊಂಡು ಇಳಿಯುತ್ತಿತ್ತು. ನನ್ನ ಕಣ್ಣನ್ನೇ ನಂಬದೆ, ಬಾಗಿಲು ತೆರೆದು ಅಂಗೈ ಚಾಚಿ ನೋಡಿದೆ. ಗೆಥಿನ್‌ಗೆ ಎರಡೇ ಪದ ಬರೆದು ಕಳಿಸಿದೆ: "ಕಂಬ ನೋಡು." ನಾವು ಪ್ರೀತಿಸುತ್ತಿದ್ದ ಕಾಲದಲ್ಲಿ ಚಳಿಗಾಲದ ಬೆಳಿಗ್ಗೆಗಳಲ್ಲಿ ಅವನು ನನಗೆ ಕಳಿಸುತ್ತಿದ್ದ ಮಾತು ಅದು. ಅವನಿರುವಲ್ಲಿ ಕಂಬ ನೋಡಿದರೆ ಮಳೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ಕಳಿಸಿದ ಮೇಲೆ ಹೊಳೆಯಿತು.

ಆದರೂ ಬಂದ. ಉಪ್ಪು ಎರಚುವ ಲಾರಿಯ ಹಿಂದೆಯೇ, ಅದರ ವೇಗದಲ್ಲೇ ಗುಡ್ಡ ಹತ್ತಿ ಬಂದ. ಡೆಯೊ ಬೂಟನ್ನು ಎಡಬಲ ಬದಲಾಗಿ ಹಾಕಿಕೊಂಡೇ ಓಡಿದ. ಗೆಥಿನ್ ತೆಳ್ಳಗಾಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ಮಗು ಆ ಗಡ್ಡ ಹಿಡಿದು ಎಳೆದು, "ಇದು ನಿಂದೇನಾ?" ಎಂದು ಕೇಳಿದ. ಅವನು ನಕ್ಕದ್ದನ್ನು ನಾನು ಕಿಟಕಿಯಿಂದ ನೋಡಿದೆ. ಸದ್ದು ಕೇಳಿಸಲಿಲ್ಲ.

ದೊಡ್ಡದೊಂದು ಬೊಂಬೆ ಮಾಡಿದರು, ಅದು ಅಪ್ಪ. ನನ್ನ ಹಳೆಯ ಟೋಪಿ ಹಾಕಿ ಇನ್ನೊಂದು ಮಾಡಿದರು, ಅದು ಅಮ್ಮ. ಮೂರನೆಯದು ಡೆಯೊ, ಅದಕ್ಕೆ ಎಲ್ಲರಿಗಿಂತ ಉದ್ದದ ಮೂಗು. ನಾನು ಮಾಂಸದ ಸಾರು ಬಿಸಿಗಿಟ್ಟು ಹೊರಗೆ ಬಂದೆ. ಆಗಲೇ ಡೆಯೊ ಕೇಳಿದ್ದು: "ಪಾಪು ಎಲ್ಲಿ ಅಪ್ಪ? ಪಾಪೂನ ಮಾಡ್ಲೇ ಇಲ್ಲ."

ಗೆಥಿನ್ ಇನ್ನೇನು ಗಾಡಿಯ ಕಡೆ ನಡೆದುಬಿಡುತ್ತಾನೆ ಎಂದುಕೊಂಡೆ. ಅವನು ಕೈಗವಸು ಕಳಚಿ ಜೇಬಿಗೆ ಹಾಕಿದ. ಗೋಡೆಯ ಮೇಲಿನ, ಯಾರೂ ಮುಟ್ಟದ ಹಿಮವನ್ನು ಬರಿಗೈಯಲ್ಲಿ ತೆಗೆದುಕೊಂಡು, ತಟ್ಟಿ ತಟ್ಟಿ ಮಾಡಿದ. ಎರಡು ಹಿಡಿಯಷ್ಟು ಆಯಿತು. ಅದಕ್ಕೆ ಮೂಗು ಇಡಲಿಲ್ಲ, ಕಣ್ಣೂ ಇಡಲಿಲ್ಲ. ದೊಡ್ಡವೆರಡರ ನಡುವೆ ಇಟ್ಟು, ಬೆರಳೆಲ್ಲ ಕೆಂಪಾಗಿದ್ದರೂ ಅದರ ಬೆನ್ನ ಹಿಂದಿನ ಹಿಮವನ್ನು ಸವರುತ್ತಲೇ ಇದ್ದ.

ಒಳಗೆ ಬರಲಿಲ್ಲ ಅಮ್ಮ. ಡೆಯೊ ಕೈ ಹಿಡಿದು ಎಳೆದರೆ, ಗೆಥಿನ್ "ಬೂಟು ಒದ್ದೆಯಾಗಿದೆ ಕಣೋ" ಎಂದ. ಬಿಚ್ಚು ಎಂದು ಮಗು ಹೇಳಿತು. ಮಕ್ಕಳಿಗೆ ಎಲ್ಲವೂ ಸುಲಭ. ಸಾರನ್ನು ಬಟ್ಟಲಲ್ಲಿ ಹಾಕಿ ಗೇಟಿನ ಹತ್ತಿರ ತಂದುಕೊಟ್ಟೆ. ನಿಂತುಕೊಂಡೇ ಕುಡಿದ. ಲೀಕ್ ಸೊಪ್ಪು ಜಾಸ್ತಿಯಾಗಿದೆ ಎಂದ, ಯಾವಾಗಲೂ ಅನ್ನುವ ಹಾಗೆ. ಸ್ವಲ್ಪ ಹೊತ್ತು ಮಾತಾಡಿದೆವು. ಕತ್ತಲಾಗುವ ಮೊದಲು ಹೊರಟ.

ಎರಡು ದಿನಕ್ಕೆ ಪಶ್ಚಿಮದ ಗಾಳಿ ವಾಪಸು ಬಂತು. ಯಾವುದು ಮೊದಲು ಕರಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಆದರೆ ಡೆಯೊ ನನಗಿಂತ ಚುರುಕು. ಸೂರಿನಿಂದ ಹನಿ ಶುರುವಾದದ್ದೇ, ಪಾಪುವನ್ನು ತಟ್ಟೆಯ ಮೇಲೆ ಎತ್ತಿಕೊಂಡು ಬಂದು ಫ್ರಿಜ್ಜಿನ ಮಂಜಿನ ಖಾನೆಯಲ್ಲಿ, ಬಟಾಣಿ ಚೀಲಗಳ ನಡುವೆ ಮಲಗಿಸಿದ. ಅದು ಈಗಲೂ ಅಲ್ಲೇ ಇದೆ. ನಾನು ಆ ಖಾನೆ ತೆಗೆಯುವುದಿಲ್ಲ. ಬಟಾಣಿ ಬೇಕಾದರೆ ಹೊಸದು ತರುತ್ತೇನೆ. ಅತ್ತೆ ಮೊನ್ನೆ ಬಂದವರು ಐಸ್‌ಕ್ರೀಮ್ ಇಡಲು ತೆಗೆದು ನೋಡಿ, ಹಾಗೇ ಮುಚ್ಚಿದರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಮದುವೆಯಾದಾಗಿನಿಂದ ಅದೇ ಮೊದಲು.

ನೀನು ದಿನಾ ನಡೆಯುತ್ತೀಯಲ್ಲ, ಆ ದಾರಿಯಲ್ಲಿ ಇರುವ ಚರ್ಚಿನಲ್ಲಿ ಒಂದು ಮೇಣದಬತ್ತಿ ಹಚ್ಚು. ನಾವು ಚಾಪೆಲ್ಲಿನ ಸಾದಾ ಪಂಥದವರು, ಮೇಣದಬತ್ತಿ ಹಚ್ಚುವ ಪದ್ಧತಿ ನಮ್ಮದಲ್ಲ ಎನ್ನುತ್ತೀಯ. ಪರವಾಗಿಲ್ಲ, ಹಚ್ಚು. ದೇವರು ನಿನ್ನ ಮಂಡಿಯನ್ನೂ ನಮ್ಮ ಡೆಯೊನನ್ನೂ ಕಾಯಲಿ.

ನಿನ್ನ ಮಗಳು
ಲೌರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಗೇಟಿನ ಹತ್ತಿರ ಅವನು ಹೇಳಿದ್ದನ್ನು ಬರೆಯದೆ ಬಿಟ್ಟಿದ್ದೆ.

"ಆವತ್ತು ಬೆಳಿಗ್ಗೆ ಬಂದ ನಕ್ಷೆಯಷ್ಟು ಚೆಂದದ್ದನ್ನ ನಾನು ಜನ್ಮದಲ್ಲಿ ನೋಡಿರ್ಲಿಲ್ಲ ಲೌರಿ," ಎಂದ. "ಅವಳು ಬೆನ್ನ ಹಿಂದೇನೇ ತೊಟ್ಟಿಲಲ್ಲಿ ಇದ್ಲು. ಅಳ್ತಿರ್ಲಿಲ್ಲ. ಒಳ್ಳೇ ನಿದ್ದೆ ಹತ್ತಿದೆ ಅಂದ್ಕೊಂಡು ಸದ್ದು ಮಾಡದೆ ಕೂತಿದ್ದೆ. ಒಂದು ಗಂಟೆ. ಖುಷಿಯಾಗಿದ್ದೆ ಕಣೇ. ಆ ಒಂದು ಗಂಟೆ ನಾನು ಖುಷಿಯಾಗಿದ್ದೆ."

ಅವನು ಕೂರುವ ಎಷ್ಟೋ ಹೊತ್ತು ಮೊದಲೇ ಎಲ್ಲ ಮುಗಿದಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಅವನನ್ನು ಮನೆಯಿಂದ ಹೊರಗಿಟ್ಟಿರುವುದು ಅದಲ್ಲ, ಆ ಖುಷಿ.

ನನ್ನ ಗಂಟಲಿಗೂ ಒಂದು ಮಾತು ಬಂದಿತ್ತು. ಆ ಬೆಳಿಗ್ಗೆ ನನಗೆ ತಾನಾಗಿ ಎಚ್ಚರವಾಯಿತು ಅಮ್ಮ. ಮಾಬ್ಲಿ ಹುಟ್ಟಿದ ಮೇಲೆ ಮೊದಲ ಸಲ, ತುಂಬು ನಿದ್ದೆ. ಪರದೆಯ ಸಂದಿಯಲ್ಲಿ ಬೆಳಕಿತ್ತು. ರಾತ್ರಿಯೆಲ್ಲ ಮಲಗಿತಲ್ಲ ಕೂಸು, ಇನ್ನು ದಾರಿಗೆ ಬಂತು ಎಂದುಕೊಂಡೆ. ಹೊದಿಕೆ ಎಳೆದುಕೊಂಡು ಮಗ್ಗುಲಾಗಿ, ಇನ್ನೂ ಸ್ವಲ್ಪ ಹೊತ್ತು ಸುಖವಾಗಿ ಬಿದ್ದುಕೊಂಡಿದ್ದೆ. ಗೋಡೆಯ ಆ ಕಡೆ ಅವನು, ಈ ಕಡೆ ನಾನು, ಇಬ್ಬರೂ ಖುಷಿಯಾಗಿದ್ದೆವು. ಅಂದಿನಿಂದ ನಾನು ನಿದ್ದೆಯನ್ನು ನಂಬಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಅವನಿಗೆ ಹೇಳಿದ್ದರೆ ಗೇಟು ದಾಟಿ ಬರುತ್ತಿದ್ದನೋ ಏನೋ. ನಾನು ಹೇಳಿದ್ದು, "ರಸ್ತೆ ಜಾರತ್ತೆ, ನಿಧಾನಕ್ಕೆ ಹೋಗು."

ಪೋರ್ಥ್‌ಮಡಾಗ್‌ಗೇ ಹೋಗಿ ಹೇಳು ಎನ್ನುತ್ತೀಯ. ಅಲ್ಲಿ ಹೇಳಿದರೆ ಅದು ಅಲ್ಲೇ ಉಳಿದುಬಿಡುತ್ತದೆ. ಈ ಬಾಗಿಲಲ್ಲಿ ನಿಂತು ಹೇಳಬೇಕಾದ ಮಾತು ಅದು.

ಇವತ್ತಿನ ಬೆಳಗಿನ ನಕ್ಷೆ ಬಂತು. ಹತ್ತನೇ ದಿನಕ್ಕೆ ಮತ್ತೆ ಪೂರ್ವದ ಗಾಳಿ ತೋರಿಸುತ್ತಿದೆ. ಡೆಯೊಗೆ ಹೇಳಿಲ್ಲ.